ದನಿ, ಬೆರಳು, ಮರ: ಗಿಟಾರ್ ತಂತಿಯ ದಪ್ಪದ ಕಥೆ

ವಾದ್ಯಗಳ ಅಂಗಡಿಗೆ ಹೋಗಿ "ಗಿಟಾರಿಗೆ ಒಂದು ಸೆಟ್ ತಂತಿ ಕೊಡಿ" ಎಂದು ಕೇಳಿ ನೋಡಿ. ಅಂಗಡಿಯವರು ಕೂಡಲೇ ಮರುಪ್ರಶ್ನೆ ಹಾಕುತ್ತಾರೆ: "ಯಾವ ಗೇಜ್?" ಪೊಟ್ಟಣಗಳ ಮೇಲೆ 10, 11, 12, 13 ಎಂಬ ಅಂಕಿಗಳಿರುತ್ತವೆ. ಆರು ತಂತಿಗಳಲ್ಲಿ ಅತಿ ತೆಳುವಾದ ಒಂದನೆಯ ತಂತಿಯ ವ್ಯಾಸವನ್ನು ಅವು ಹೇಳುತ್ತವೆ. ಅಳತೆಯ ಘಟಕ ಅಂಗುಲದ ಸಾವಿರದಲ್ಲೊಂದು ಭಾಗ. 12 ಎಂದರೆ 0.012 ಅಂಗುಲ, ಅಂದರೆ ಸುಮಾರು 0.3 ಮಿಲಿಮೀಟರ್. 12ಕ್ಕೂ 13ಕ್ಕೂ ಇರುವ ಅಂತರ 0.025 ಮಿಲಿಮೀಟರ್ ಮಾತ್ರ. ನಿಮ್ಮ ತಲೆಗೂದಲು ಸಾಮಾನ್ಯವಾಗಿ ಇದಕ್ಕಿಂತ ದಪ್ಪ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕೇ ಎಂದು ನೀವು ಕೇಳಬಹುದು. ಕೆಡಿಸಿಕೊಳ್ಳಬೇಕು. ಹೊಂದದ ತಂತಿ ಹಾಕಿದ್ದರಿಂದ ಬೆರಳು ನೊಂದು ಕಲಿಕೆಯನ್ನೇ ಬಿಟ್ಟವರಿದ್ದಾರೆ. ಹೊಟ್ಟೆ ಉಬ್ಬಿ, ಕತ್ತು ಬಾಗಿ ಮೂಲೆ ಸೇರಿದ ಗಿಟಾರುಗಳೂ ಇವೆ. ಪೊಟ್ಟಣದ ಮೇಲಿನ ಆ ಪುಟ್ಟ ಅಂಕಿಯ ಹಿಂದೆ ನಾನೂರು ವರ್ಷಗಳ ವಿಜ್ಞಾನ ಮತ್ತು ಕುಶಲಕರ್ಮದ ಇತಿಹಾಸವಿದೆ. ಆ ಇತಿಹಾಸ ತಿಳಿದರೆ ಅಂಗಡಿಯವರ ಪ್ರಶ್ನೆಗೆ ನೀವೇ ಉತ್ತರ ಕೊಡಬಲ್ಲಿರಿ.

ತಂದೆಯ ತೂಕದ ಬಟ್ಟು, ಪಾದ್ರಿಯ ಸೂತ್ರ

ಗೆಲಿಲಿಯೊನ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಅವನ ತಂದೆ ವಿನ್ಸೆಂಜೊ ಗೆಲಿಲಿ ಲ್ಯೂಟ್ ಎಂಬ ತಂತಿವಾದ್ಯದ ವಾದಕ, ಸಂಗೀತಶಾಸ್ತ್ರಜ್ಞ. ತಂತಿಗೆ ತೂಗುಹಾಕಿದ ಭಾರವನ್ನು ಎರಡು ಪಟ್ಟು ಮಾಡಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ ಎಂಬ ನಂಬಿಕೆ ಪೈಥಾಗೊರಸನ ಹೆಸರಿನಲ್ಲಿ ಶತಮಾನಗಳಿಂದ ನಡೆದು ಬಂದಿತ್ತು. ವಿನ್ಸೆಂಜೊ ತಂತಿಗೆ ತೂಕದ ಬಟ್ಟುಗಳನ್ನು ಕಟ್ಟಿ ಪರೀಕ್ಷಿಸಿದ. ಎರಡು ಪಟ್ಟು ಭಾರ ಸಾಲಲಿಲ್ಲ, ನಾಲ್ಕು ಪಟ್ಟು ಬೇಕಾಯಿತು. 1591ರಲ್ಲಿ ತೀರಿಕೊಳ್ಳುವ ಮುನ್ನ ಅವನು ಈ ಸಂಗತಿಯನ್ನು ಬರೆದಿಟ್ಟ.

ಮುಂದೆ ಫ್ರಾನ್ಸಿನ ಪಾದ್ರಿ ಮರಿನ್ ಮರ್ಸೆನ್ ಈ ವಿಷಯಕ್ಕೆ ಪೂರ್ಣ ರೂಪ ಕೊಟ್ಟ. ನೂರು ಅಡಿಗೂ ಹೆಚ್ಚು ಉದ್ದದ ತಂತಿಗಳನ್ನು ಎಳೆದು ಕಟ್ಟಿ, ಅವು ನಿಧಾನವಾಗಿ ತೂಗಾಡುವುದನ್ನು ಕಣ್ಣಿನಿಂದಲೇ ಎಣಿಸಿದ. 1636ರಲ್ಲಿ ಪ್ರಕಟವಾಗತೊಡಗಿದ ಅವನ ಗ್ರಂಥದಲ್ಲಿ ಬರುವ ನಿಯಮಗಳನ್ನೇ ನಾವು ಇಂದಿಗೂ ಓದುತ್ತೇವೆ. ತಂತಿ ಗಿಡ್ಡವಾದಷ್ಟೂ ಸ್ವರ ಏರುತ್ತದೆ. ಬಿಗಿತ ಹೆಚ್ಚಿದರೆ ಅದರ ವರ್ಗಮೂಲಕ್ಕೆ ತಕ್ಕಂತೆ ಸ್ವರ ಏರುತ್ತದೆ. ತಂತಿ ದಪ್ಪವಾದಷ್ಟೂ ಸ್ವರ ಇಳಿಯುತ್ತದೆ.

ಈ ನಿಯಮಗಳನ್ನು ಈಗ ಗಿಟಾರಿಗೆ ಅನ್ವಯಿಸೋಣ. ಗಿಟಾರಿನಲ್ಲಿ ತಂತಿಯ ಉದ್ದ ಗೊತ್ತುಪಡಿಸಿದ್ದು, ಸುಮಾರು 65 ಸೆಂಟಿಮೀಟರ್. ಸ್ವರವೂ ಗೊತ್ತುಪಡಿಸಿದ್ದೇ. ಒಂದನೆಯ ತಂತಿ ಸೆಕೆಂಡಿಗೆ ಸುಮಾರು 330 ಬಾರಿ ಕಂಪಿಸಬೇಕು. ಉಳಿದದ್ದು ದಪ್ಪ ಮತ್ತು ಬಿಗಿತ. ದಪ್ಪ ಹೆಚ್ಚಿಸಿದರೆ ಅದೇ ಸ್ವರಕ್ಕೆ ತರಲು ಬಿಗಿತವನ್ನೂ ಹೆಚ್ಚಿಸಬೇಕು, ಅದೂ ದಪ್ಪದ ವರ್ಗಕ್ಕೆ ತಕ್ಕಂತೆ. ಲೆಕ್ಕ ಹಾಕಿದರೆ 10ರ ಉಕ್ಕಿನ ತಂತಿಗೆ ಸುಮಾರು 7.3 ಕಿಲೋಗ್ರಾಂ ಭಾರದಷ್ಟು ಎಳೆತ ಬೇಕು. 12ರ ತಂತಿಗೆ ಸುಮಾರು 10.5 ಕಿಲೋ, 13ರ ತಂತಿಗೆ ಸುಮಾರು 12.4 ಕಿಲೋ. ಕೂದಲಿಗಿಂತ ತೆಳುವಾದ ಆ ವ್ಯತ್ಯಾಸ ಒಂದೇ ತಂತಿಯಲ್ಲಿ ಶೇಕಡಾ 17ರಷ್ಟು ಎಳೆತವನ್ನು ಹೆಚ್ಚಿಸಿಬಿಡುತ್ತದೆ!

ಕರುಳಿನ ಕಾಲ

ಮರ್ಸೆನ್‌ನ ಕಾಲದಲ್ಲಿ ಯೂರೋಪಿನ ಗಿಟಾರಿಗೆ ಹಾಕುತ್ತಿದ್ದುದು ಉಕ್ಕಿನ ತಂತಿಯಲ್ಲ. ಕುರಿಯ ಕರುಳನ್ನು ಶುದ್ಧಮಾಡಿ, ಹುರಿಮಾಡಿ, ಒಣಗಿಸಿದ ತಂತಿ. ಆ ಕಾಲದ ವಾದಕರ ದೊಡ್ಡ ಚಿಂತೆಯೆಂದರೆ ಮೇಲಿನ ತಂತಿ ಪಟ್ಟೆಂದು ಹರಿಯುವುದು.

"ದಪ್ಪ ತಂತಿ ಹಾಕಿದ್ದರೆ ಹರಿಯುತ್ತಿರಲಿಲ್ಲ, ಅಲ್ಲವೇ?" ಎಂದು ನಿಮಗೆ ಅನ್ನಿಸಬಹುದು. ಇಲ್ಲೊಂದು ಸ್ವಾರಸ್ಯವಿದೆ. ದಪ್ಪ ತಂತಿಗೆ ತಾಳಿಕೊಳ್ಳುವ ಶಕ್ತಿ ಹೆಚ್ಚು, ನಿಜ. ಆದರೆ ಅದೇ ಸ್ವರಕ್ಕೆ ಏರಿಸಲು ಬೇಕಾದ ಎಳೆತವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಎರಡೂ ಸರಿದೂಗಿ, ತಂತಿಯ ಒಳಗೆ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಒತ್ತಡ ಮೊದಲಿನಷ್ಟೇ ಉಳಿಯುತ್ತದೆ. ಆದ್ದರಿಂದ ಒಂದು ತಂತಿ ಯಾವ ಸ್ವರದಲ್ಲಿ ಹರಿಯುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಉದ್ದ ಮತ್ತು ಅದು ಯಾವ ವಸ್ತುವಿನದು ಎಂಬುದು, ದಪ್ಪವಲ್ಲ. ಕರುಳಿನ ತಂತಿ 65 ಸೆಂಟಿಮೀಟರ್ ಉದ್ದದಲ್ಲಿ ಈ ಸ್ವರಕ್ಕೆ ಬರುವಾಗ ತನ್ನ ತಾಳಿಕೆಯ ಅಂಚಿನ ಹತ್ತಿರವೇ ಇರುತ್ತದೆ.

ಮಂದ್ರ ತಂತಿಗಳ ಕಷ್ಟ ಬೇರೆ ಬಗೆಯದು. ಗಿಟಾರಿನ ಆರನೆಯ ತಂತಿ ಒಂದನೆಯದಕ್ಕಿಂತ ಎರಡು ಸ್ಥಾಯಿ ಕೆಳಗೆ ನುಡಿಯಬೇಕು. ಎಳೆತ ಸಮನಾಗಿರಬೇಕಾದರೆ ಅದರ ದಪ್ಪ ನಾಲ್ಕು ಪಟ್ಟಾಗಬೇಕು. ಅಷ್ಟು ದಪ್ಪದ ಕರುಳು ಸರಿಯಾಗಿ ಬಳುಕುವುದಿಲ್ಲ, ದನಿ ಮಂಕಾಗುತ್ತದೆ. ಇದಕ್ಕೆ ಹದಿನೇಳನೆಯ ಶತಮಾನದಲ್ಲಿ ಪರಿಹಾರ ಸಿಕ್ಕಿತು. ಕರುಳು ಅಥವಾ ರೇಷ್ಮೆಯ ಎಳೆಯ ಸುತ್ತ ತೆಳುವಾದ ಲೋಹದ ತಂತಿಯನ್ನು ಒತ್ತೊತ್ತಾಗಿ ಸುತ್ತಿದರು. ತೂಕ ಹೆಚ್ಚಿತು, ಬಳುಕು ಉಳಿಯಿತು. 1664ರಲ್ಲಿ ಲಂಡನ್ನಿನ ಜಾನ್ ಪ್ಲೇಫೋರ್ಡ್ ಪ್ರಕಟಿಸಿದ ಸಂಗೀತ ಪುಸ್ತಕದಲ್ಲಿ ಇಂಥ ತಂತಿಯ ಜಾಹೀರಾತು ಕಾಣುತ್ತದೆ. ಇಂದು ನಿಮ್ಮ ಗಿಟಾರಿನ ಮಂದ್ರ ತಂತಿಗಳ ಮೇಲೆ ಉಗುರು ಎಳೆದಾಗ ಕೇಳುವ ಕರಕರ ಸದ್ದು ಆ ಉಪಾಯದ್ದೇ.

ಉಕ್ಕು ಬಂತು

ಹತ್ತೊಂಬತ್ತನೆಯ ಶತಮಾನದಲ್ಲಿ ಪಿಯಾನೊ ತಯಾರಕರಿಗೆ ಗಟ್ಟಿ ತಂತಿ ಬೇಕಾಗಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಜೇಮ್ಸ್ ಹಾರ್ಸ್‌ಫಾಲ್ 1854ರಲ್ಲಿ ಉಕ್ಕನ್ನು ಹದವಾಗಿ ಕಾಯಿಸಿ ಎಳೆದು ತಂತಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಅವನ ಕಾರ್ಖಾನೆಯ ತಂತಿಯೇ 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಟೆಲಿಗ್ರಾಫ್ ಕೇಬಲ್ಲಿಗೂ ರಕ್ಷಾಕವಚವಾಯಿತು. ಸಂಗೀತಕ್ಕೂ ಸಂದೇಶಕ್ಕೂ ಒಂದೇ ಉಕ್ಕು!

ಗಿಟಾರಿನ ಮಟ್ಟಿಗೆ ಉಕ್ಕಿನ ಕಥೆ ನಡೆದದ್ದು ಹೆಚ್ಚಾಗಿ ಅಮೆರಿಕದಲ್ಲಿ. ಜರ್ಮನಿಯ ಸ್ಯಾಕ್ಸನಿಯಿಂದ 1833ರಲ್ಲಿ ನ್ಯೂಯಾರ್ಕಿಗೆ ವಲಸೆ ಬಂದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಕೆಲವೇ ವರ್ಷಗಳಲ್ಲಿ ಪೆನ್ಸಿಲ್ವೇನಿಯಾದ ನಜರೆತ್ ಊರಿನಲ್ಲಿ ನೆಲೆಸಿ ಗಿಟಾರ್ ಕಟ್ಟತೊಡಗಿದ. ಗಿಟಾರಿನ ಮೇಲ್ಹಲಗೆ ಎರಡು ಮೂರು ಮಿಲಿಮೀಟರ್ ದಪ್ಪದ್ದು ಮಾತ್ರ. ಅದು ಕುಸಿಯದಂತೆ ಒಳಗಡೆ ಮರದ ಪಟ್ಟಿಗಳನ್ನು ಅಂಟಿಸುತ್ತಾರೆ. 1840ರ ದಶಕದಲ್ಲಿ ಮಾರ್ಟಿನ್ ಗಿಟಾರುಗಳಲ್ಲಿ ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ದಾಟುವ ಪಟ್ಟಿಗಳು ಕಾಣಿಸಿಕೊಂಡವು. ಆಗ ಅವಕ್ಕೆ ಹಾಕುತ್ತಿದ್ದುದು ಕರುಳಿನ ತಂತಿಯೇ. ಆದರೆ ಮುಂದೆ ಉಕ್ಕಿನ ಎಳೆತ ಬಂದಾಗ ಅದನ್ನು ಹೊರಲು ಈ ಜೋಡಣೆಯೇ ಅನುಕೂಲವಾಯಿತು.

1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಮಹಾ ವಸ್ತುಪ್ರದರ್ಶನದಲ್ಲಿ ಹವಾಯಿ ದ್ವೀಪದ ಸಂಗೀತಗಾರರು ಜನರ ಮನಸೆಳೆದರು. ಉಕ್ಕಿನ ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುವ ಅವರ ಶೈಲಿ ಅಮೆರಿಕದಲ್ಲೆಲ್ಲ ಹಬ್ಬಿತು. ನೃತ್ಯದ ವಾದ್ಯಮೇಳಗಳಲ್ಲಿ ಬ್ಯಾಂಜೋ, ಕಹಳೆಗಳ ನಡುವೆ ಗಿಟಾರಿನ ದನಿ ಕೇಳಬೇಕಿತ್ತು. ಮೈಕ್ ಇನ್ನೂ ಎಲ್ಲೆಡೆ ಬಂದಿರಲಿಲ್ಲ. ದನಿ ಬೇಕೆಂದರೆ ದಪ್ಪ ತಂತಿ, ದಪ್ಪ ತಂತಿಯೆಂದರೆ ಹೆಚ್ಚು ಎಳೆತ. 1922ರಲ್ಲಿ ಮಾರ್ಟಿನ್ ಕಂಪನಿ ಉಕ್ಕಿನ ತಂತಿಗೆಂದೇ ಒಂದು ಮಾದರಿಯನ್ನು ಕಟ್ಟಿತು. ಅದೇ ಹೊತ್ತಿಗೆ ಗಿಬ್ಸನ್ ಕಂಪನಿ ಕತ್ತಿನೊಳಗೆ, ಬೇಕಾದಂತೆ ಬಿಗಿಮಾಡಬಹುದಾದ ಉಕ್ಕಿನ ಸರಳನ್ನು ಹುದುಗಿಸಿತು. ತಂತಿ ಮುಂದಕ್ಕೆ ಎಳೆದರೆ ಸರಳು ಹಿಂದಕ್ಕೆ ಎಳೆಯುತ್ತದೆ.

ಮರ ತೆತ್ತ ಬೆಲೆ

ಆದರೆ ದನಿಯ ಆಸೆಗೆ ಮಿತಿ ಎಲ್ಲಿ? ವಾದಕರು ಇನ್ನೂ ದಪ್ಪ ತಂತಿಗಳನ್ನು ಹಾಕತೊಡಗಿದರು. ತಂತಿಗಳು ಕಟ್ಟಿಕೊಂಡಿರುವ ಪಟ್ಟಿಗೆ, ವೀಣೆಯವರ ಮಾತಿನಲ್ಲಿ ಹೇಳುವುದಾದರೆ ಕುದುರೆಗೆ, ಹಿಡಿತವಿರುವುದು ಅಂಟಿನಿಂದ. ಎಳೆತ ಮೀರಿದರೆ ಕುದುರೆ ಎದ್ದು ಬರುತ್ತದೆ, ಮೇಲ್ಹಲಗೆ ಉಬ್ಬುತ್ತದೆ.

1930ರ ದಶಕದ ಮಾರ್ಟಿನ್ ಗಿಟಾರುಗಳಲ್ಲಿ ಒಳಪಟ್ಟಿಗಳನ್ನು ಅಲ್ಲಲ್ಲಿ ಕೆತ್ತಿ ಹಗುರಗೊಳಿಸುತ್ತಿದ್ದರು. ಹಲಗೆ ಸಲೀಸಾಗಿ ಕಂಪಿಸಿ ಮಂದ್ರಸ್ವರಗಳು ತುಂಬಿ ಬರುತ್ತಿದ್ದವು. ದಪ್ಪ ತಂತಿಗಳಿಂದ ಆಗುತ್ತಿದ್ದ ಹಾನಿಯನ್ನು ಕಂಡು 1944ರ ಕೊನೆಯಲ್ಲಿ ಕಂಪನಿ ಆ ಕೆತ್ತನೆಯನ್ನು ನಿಲ್ಲಿಸಿ ಪಟ್ಟಿಗಳನ್ನು ಗಟ್ಟಿಯಾಗಿಯೇ ಉಳಿಸಿತು. ವಾದ್ಯ ಉಳಿಯಿತು, ಆದರೆ ಆ ತುಂಬುದನಿಯಲ್ಲಿ ಒಂದಂಶ ಹೋಯಿತು. ಹೆಚ್ಚು ದನಿಗಾಗಿ ಹಾಕಿದ ತಂತಿಯೇ ಕೊನೆಗೆ ದನಿಯನ್ನು ಕಡಿಮೆಮಾಡಿತು! ಕೆತ್ತಿದ ಪಟ್ಟಿಗಳು ಮತ್ತೆ ಆ ಕಂಪನಿಯ ಮಾದರಿಗೆ ಬಂದದ್ದು 1976ರಲ್ಲಿ, ಹಗುರ ತಂತಿಗಳ ಬಳಕೆ ಸಾಮಾನ್ಯವಾದ ಮೇಲೆ.

ಇದೇ ಕಾಲದಲ್ಲಿ ಶಾಸ್ತ್ರೀಯ ಗಿಟಾರಿನ ಹಾದಿ ಬೇರೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಗಾಯ ಹೊಲಿಯಲು ಕರುಳಿನ ದಾರ ಬೇಕಾಗಿ, ವಾದ್ಯಗಳಿಗೆ ಅದು ದುರ್ಲಭವಾಯಿತು. ಡುಪಾಂಟ್ ಕಂಪನಿ 1938ರಲ್ಲಿ ಜಗತ್ತಿಗೆ ಪ್ರಕಟಿಸಿದ್ದ ನೈಲಾನ್ ಆಗ ನೆರವಿಗೆ ಬಂತು. 1940ರ ದಶಕದಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಅಗಸ್ಟೀನ್ ನೈಲಾನ್ ತಂತಿಗಳನ್ನು ತಯಾರಿಸಿದ. ಸ್ಪೇನಿನ ಮಹಾನ್ ವಾದಕ ಆಂದ್ರೆಸ್ ಸೆಗೋವಿಯಾ ಅವುಗಳನ್ನು ಮೆಚ್ಚಿ ಬಳಸಿದ. ಆರು ನೈಲಾನ್ ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೋ. ಉಕ್ಕಿನ 12ರ ಸೆಟ್ಟಿನದು 70 ಕಿಲೋಗೂ ಹೆಚ್ಚು. ಈ ಎರಡು ಅಂಕಿಗಳನ್ನು ದಯವಿಟ್ಟು ನೆನಪಿಡಿ.

ಬೆರಳಿನ ಪರವಾಗಿ ಒಂದು ಮಾತು

ಇಷ್ಟರವರೆಗೆ ದನಿಯ ಮಾತಾಯಿತು, ಮರದ ಮಾತಾಯಿತು. ಬೆರಳಿನ ಮಾತು? 1960ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಎರ್ನಿ ಬಾಲ್ ಎಂಬಾತ ಗಿಟಾರ್ ಅಂಗಡಿ ಇಟ್ಟುಕೊಂಡು ಪಾಠವನ್ನೂ ಹೇಳುತ್ತಿದ್ದ. ಹೊಸದಾಗಿ ಕಲಿಯುವವರು ಆಗಿನ ದಪ್ಪ ತಂತಿಗಳನ್ನು, ಅದರಲ್ಲೂ ಮೂರನೆಯ ತಂತಿಯನ್ನು, ಒತ್ತಲಾರದೆ ಒದ್ದಾಡುವುದನ್ನು ಅವನು ಗಮನಿಸಿದ. ಹಗುರ ತಂತಿಗಳ ಸೆಟ್ಟುಗಳನ್ನು ತಾನೇ ಮಾಡಿಸಿ ಮಾರತೊಡಗಿದ. ಅವು ಎಲೆಕ್ಟ್ರಿಕ್ ಗಿಟಾರಿನವು. ಆದರೂ ತಂತಿ ಬೆರಳಿಗೆ ಹೊಂದಬೇಕು ಎಂಬ ಆ ವಿಚಾರ ಗಿಟಾರ್ ಲೋಕದಲ್ಲೆಲ್ಲ ನೆಲೆಯೂರಿತು.

ಸ್ಟುಡಿಯೋದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇದರಲ್ಲಿ ಇನ್ನೊಂದು ಅರ್ಥ ಕಾಣುತ್ತದೆ. ದಪ್ಪ ತಂತಿ ಮೈಕ್ ಇಲ್ಲದ ಕಾಲದ ಅಗತ್ಯವಾಗಿತ್ತು. ಮೈಕಿನ ಮುಂದೆ ತೆಳು ತಂತಿಯ ಮೃದು ದನಿಯೂ ಸ್ಪಷ್ಟವಾಗಿಯೇ ದಾಖಲಾಗುತ್ತದೆ. ನಿಮ್ಮ ಕೋಣೆಯಲ್ಲಿ ಕುಳಿತು ಅಭ್ಯಾಸ ಮಾಡುವಾಗ ಯಾವ ಕಹಳೆಯೊಂದಿಗೂ ನೀವು ಪೈಪೋಟಿ ನಡೆಸಬೇಕಿಲ್ಲ. ನೂರು ವರ್ಷದ ಹಿಂದಿನ ವಾದಕನ ಕಷ್ಟವನ್ನು ನಿಮ್ಮ ಬೆರಳುಗಳೇಕೆ ಹೊರಬೇಕು?

ಹಾಗಾದರೆ ಯಾವುದನ್ನು ಆರಿಸೋಣ?

ಮೊದಲು ನಿಮ್ಮ ಗಿಟಾರಿನ ಕುದುರೆಯನ್ನು ನೋಡಿ. ತಂತಿಯನ್ನು ಅಲ್ಲಿ ಗಂಟು ಹಾಕಿ ಕಟ್ಟಿದ್ದರೆ ಅದು ಸಾಮಾನ್ಯವಾಗಿ ನೈಲಾನಿನ ಶಾಸ್ತ್ರೀಯ ಗಿಟಾರ್. ಅದಕ್ಕೆ ಉಕ್ಕಿನ ತಂತಿ ಹಾಕಲೇಬೇಡಿ. 40 ಕಿಲೋಗೆಂದು ಕಟ್ಟಿದ ಮರಕ್ಕೆ 70 ಕಿಲೋ ಹೊರಿಸಿದಂತಾಗುತ್ತದೆ. ತಂತಿಯ ತುದಿಯಲ್ಲಿ ಲೋಹದ ಪುಟ್ಟ ಗುಂಡು ಇದ್ದು, ಅದನ್ನು ರಂಧ್ರದಲ್ಲಿಳಿಸಿ ಮೊಳೆಯಂಥ ಬೆಣೆ ಒತ್ತಿದ್ದರೆ ಅದು ಉಕ್ಕಿನ ತಂತಿಯ ಗಿಟಾರ್.

ಉಕ್ಕಿನದಾದರೆ, ಹೊಸಬರು 11ರಿಂದ ಆರಂಭಿಸಬಹುದು. ಬೆರಳು ತೀರ ಮೃದುವಾಗಿದ್ದರೆ 10 ಆದೀತು. ಆರು ತಂತಿಗಳ ಎಳೆತ ಸೇರಿ 60 ಕಿಲೋ ಆಸುಪಾಸಿನಲ್ಲಿರುತ್ತದೆ. ಹಳೆಯ, ಚಿಕ್ಕ ಮೈಯ ಗಿಟಾರುಗಳಿಗೂ ಹಗುರ ತಂತಿಯೇ ಕ್ಷೇಮ. ಬೆರಳು ಪಳಗಿದ ಮೇಲೆ 12ಕ್ಕೆ ಬನ್ನಿ. ಈಗಿನ ಬಹುತೇಕ ದೊಡ್ಡ ಮೈಯ ಗಿಟಾರುಗಳಿಗೆ ಅದು ಸಾಕು. 12ರಿಂದ 13ಕ್ಕೆ ಹೋದರೆ ಒಟ್ಟು ಎಳೆತ ಇನ್ನೂ 10 ಕಿಲೋದಷ್ಟು ಏರುತ್ತದೆ. ಗಟ್ಟಿಯಾಗಿ ಮೀಟುವವರು, ಸ್ವರ ಇಳಿಸಿ ಶ್ರುತಿ ಮಾಡುವವರು ಮಾತ್ರ, ವಾದ್ಯ ತಾಳುವುದೆಂದು ಖಚಿತಪಡಿಸಿಕೊಂಡು ಅದನ್ನು ಬಳಸಲಿ. ಈಗಾಗಲೇ ದಪ್ಪ ತಂತಿ ಹಾಕಿಬಿಟ್ಟಿದ್ದರೆ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿ. ಎಳೆತ ಶೇಕಡಾ 11ರಷ್ಟು ತಗ್ಗುತ್ತದೆ. ಬೆರಳಿಗೂ ಹಗುರ, ಮರಕ್ಕೂ ಹಗುರ. ಗೇಜ್ ಬದಲಿಸಿದ ಮೇಲೆ ಕತ್ತಿನ ಬಾಗು ಸ್ವಲ್ಪ ಬದಲಾಗಬಹುದು. ಅದನ್ನು ಬಲ್ಲವರಿಗೆ ತೋರಿಸಿ ಸರಿಪಡಿಸಿಕೊಳ್ಳಿ.

ನಿಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸೋನೋಮೀಟರ್ ಮತ್ತು ಸ್ಕ್ರೂ ಗೇಜ್ ಇದ್ದರೆ ಒಂದು ಕೆಲಸ ಮಾಡಿ. ಬಿಚ್ಚಿ ಎಸೆಯಲಿರುವ ಹಳೆಯ ಗಿಟಾರ್ ತಂತಿಗಳಲ್ಲಿ ಸುತ್ತಿಲ್ಲದ ಎರಡನ್ನು ತೆಗೆದುಕೊಂಡು ವ್ಯಾಸ ಅಳೆಯಿರಿ. ಒಂದೊಂದನ್ನೂ ಒಂದೇ ಉದ್ದಕ್ಕೆ ಕಟ್ಟಿ, ಒಂದೇ ಸ್ವರ ಬರುವವರೆಗೆ ಭಾರ ಹಾಕುತ್ತಾ ಹೋಗಿ. ಎರಡು ಭಾರಗಳ ಅನುಪಾತ ವ್ಯಾಸಗಳ ವರ್ಗದ ಅನುಪಾತಕ್ಕೆ ಸಮವಾಗುತ್ತದೆಯೇ ನೋಡಿ. ವಿನ್ಸೆಂಜೊ ಭಾರ ತೂಗಿ ಪರೀಕ್ಷಿಸಿದ್ದೂ, ಮರ್ಸೆನ್ ಎಣಿಸಿ ಬರೆದದ್ದೂ, ನಜರೆತ್ತಿನ ಬಡಗಿಗಳು ಹಲಗೆ ಉಬ್ಬಿದ ಮೇಲೆ ಕಲಿತದ್ದೂ ಅದೇ ಪಾಠ. ಆ ಭಾರವನ್ನು ನಿಮ್ಮ ಕೈಯಲ್ಲೇ ಒಮ್ಮೆ ಎತ್ತಿ ನೋಡಿದರೆ, ಪೊಟ್ಟಣದ ಮೇಲಿನ ಅಂಕಿ ಮುಂದೆಂದೂ ನಿಮಗೆ ಬರೀ ಅಂಕಿಯಾಗಿ ಕಾಣದು.