ಕರೆಂಟು ಹೋದ ದಿನ ಕೈಕೊಟ್ಟ ಬ್ಯಾಟರಿ

2020ರ ಅಕ್ಟೋಬರ್ 12, ಸೋಮವಾರ. ಮುಂಬಯಿಯಲ್ಲಿದ್ದವರಿಗೆ ನೆನಪಿರಬಹುದು. ಬೆಳಿಗ್ಗೆ ಹತ್ತರ ಸುಮಾರಿಗೆ ಗ್ರಿಡ್ ಕೈಕೊಟ್ಟು ಊರಿಗೆ ಊರೇ ಕರೆಂಟಿಲ್ಲದೆ ಕೂತಿತು. ಲೋಕಲ್ ಗಾಡಿಗಳು ನಿಂತಲ್ಲೇ ನಿಂತವು.

ನನಗೆ ಅಂದು ರಜೆ. ಕುಂದಾಪುರದ ಕಡೆಯ ನಮ್ಮ ಮನೆಯಿಂದ ಅಪ್ಪಯ್ಯ ಫೋನಿನಲ್ಲಿ ಹಳೇ ಕಥೆ ಹೇಳುವುದು, ನಾನು ಟೈಪ್ ಮಾಡುವುದು, ಇದು ಲಾಕ್‌ಡೌನ್‌ನಲ್ಲಿ ಶುರುವಾದ ಅಭ್ಯಾಸ. ಬ್ಯಾಟರಿ ಇದೆಯಲ್ಲ ಎಂದು ಗುಂಡಿ ಒತ್ತಿದೆ. ದೀಪ ಮಿನುಗಿತು, ಆರಿತು. ಮತ್ತೆ ಒತ್ತಿದೆ, ಅದೇ ಕಥೆ. ಬೆಳಿಗ್ಗೆಯಷ್ಟೇ 96 ಪರ್ಸೆಂಟ್ ತೋರಿಸಿತ್ತು!

"ಅಪ್ಪಯ್ಯ, ಇವತ್ತು ಆಗೂದಿಲ್ಲ, ನಾಳೆ ಹೇಳಿ" ಎಂದೆ.

"ಕಾಗ್ದ ಪೆನ್ನು ಇಲ್ಯಾ ನಿನ್ಹತ್ರ?" ಎಂದರು.

ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಬರೆದುಕೊಂಡೆ.

ಇರಲಿ, ಬ್ಯಾಟರಿ ವಿಷಯಕ್ಕೆ ಬರೋಣ. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಅದುರಿದ್ದನ್ನು ಕಂಡು, ವಿದ್ಯುತ್ತು ಪ್ರಾಣಿಯೊಳಗೇ ಇದೆ ಎಂದ. ಅಲ್ಲ, ಮುಟ್ಟಿಸಿದ ಎರಡು ಲೋಹಗಳಿಂದ ಬಂದದ್ದು ಎಂದು ವೋಲ್ಟಾ ವಾದಿಸಿದ. ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನ ಬಟ್ಟೆ ಇಟ್ಟು ಪೇರಿಸಿ 1800ರಲ್ಲಿ ಮೊದಲ ಬ್ಯಾಟರಿಯನ್ನು ಲೋಕಕ್ಕೆ ತೋರಿಸಿದ. ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಸೀಸದ ಬ್ಯಾಟರಿಯನ್ನು 1859ರಲ್ಲಿ ಕೊಟ್ಟವನು ಫ್ರಾನ್ಸಿನ ಪ್ಲಾಂಟೆ. ನಮ್ಮ ಇನ್ವರ್ಟರುಗಳಲ್ಲಿ ಈಗಲೂ ಹೆಚ್ಚಾಗಿ ಅದರ ಸಂತತಿಯೇ. ಆದರೆ ಆ ಭಾರವನ್ನು ತೊಡೆಯ ಮೇಲೆ ಹೊರುವವರು ಯಾರು?

1970ರ ದಶಕದ ತೈಲ ಬಿಕ್ಕಟ್ಟಿನ ಹೊತ್ತಿಗೆ ಎಕ್ಸಾನ್ ಕಂಪನಿಯಲ್ಲಿದ್ದ ವಿಟಿಂಗ್‌ಹ್ಯಾಮ್ ಹಗುರವಾದ ಲಿಥಿಯಮ್ ಹಿಡಿದರು. ಆದರೆ ಚಾರ್ಜ್ ಮಾಡಿದಂತೆಲ್ಲ ಲಿಥಿಯಮ್ ಲೋಹ ಸೂಜಿಯಂತೆ ಬೆಳೆದು ಬೆಂಕಿ ಹೊತ್ತುವ ಭಯ. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಗುಡಿನಫ್ ಕೋಬಾಲ್ಟ್ ಆಕ್ಸೈಡ್ ಬಳಸಿ ನಾಲ್ಕು ವೋಲ್ಟಿನವರೆಗೆ ಏರಿಸಿದರು. 1985ರಲ್ಲಿ ಜಪಾನಿನ ಯೋಶಿನೊ ಲಿಥಿಯಮ್ ಲೋಹದ ಜಾಗದಲ್ಲಿ ಇಂಗಾಲ ಇಟ್ಟು ಆ ಭಯ ಬಹಳ ಮಟ್ಟಿಗೆ ತಗ್ಗಿಸಿದರು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಆಗ ಗುಡಿನಫ್ ಅವರಿಗೆ 97 ವರ್ಷ!

ಇಷ್ಟು ಜನ ದುಡಿದು ಕೊಟ್ಟದ್ದನ್ನು ನಾನು ಹಾಳು ಮಾಡಿದ್ದು ಹೇಗೆ? ವರ್ಷಗಟ್ಟಲೆ ಚಾರ್ಜರ್ ತೆಗೆಯದೆ. ಸದಾ ತುಂಬಿ, ಬಿಸಿಯಲ್ಲಿ ಕೂತ ಲಿಥಿಯಮ್ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಒಳಗಿನ ತಡೆ ಹೆಚ್ಚಿ, ಶುರುವಾಗುವಾಗ ಬೇಕಾದ ಕರೆಂಟು ಎಳೆದೊಡನೆ ವೋಲ್ಟೇಜ್ ಕುಸಿಯುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಪಾಸ್‌ಬುಕ್ಕಿನಲ್ಲಿ ಬ್ಯಾಲೆನ್ಸ್ ಇದೆ, ಕೌಂಟರಿನಲ್ಲಿ ಕ್ಯಾಶ್ ಇಲ್ಲ.

ಸಂಜೆ ಕರೆಂಟು ಬಂದ ಮೇಲೆ ಚಾರ್ಜರ್, ಬ್ಯಾಟರಿ ಎರಡೂ ತೆಗೆದು ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಒಣಬಟ್ಟೆಯಿಂದ ಹಿತ್ತಾಳೆ ಬಣ್ಣದ ತುದಿಗಳನ್ನು ಒರೆಸಿ ಮತ್ತೆ ಕೂರಿಸಿದೆ. ಉಪಯೋಗವಾಗಲಿಲ್ಲ. ವಿಂಡೋಸಿನ ಬ್ಯಾಟರಿ ರಿಪೋರ್ಟ್ ತೆಗೆದಾಗ ಹೊಸದರಲ್ಲಿದ್ದ ಸಾಮರ್ಥ್ಯದ ಕಾಲುಭಾಗವೂ ಉಳಿದಿರಲಿಲ್ಲ. ಹೊಸ ಬ್ಯಾಟರಿ ಹಾಕಿಸಿದೆ, ಸರಿಹೋಯಿತು.

ಮರುವರ್ಷ ಅಪ್ಪಯ್ಯ ಹೋದರು. ಟೈಪ್ ಮಾಡಿದ್ದೆಲ್ಲ ಫೈಲಿನಲ್ಲಿದೆ. ಆದರೆ ನಾನು ಆಗಾಗ ತೆಗೆದು ನೋಡುವುದು ಆ ಕ್ಯಾಲೆಂಡರ್ ಹಾಳೆಯನ್ನೇ. ಅವರು ಮಾತಾಡಿದ ವೇಗಕ್ಕೆ ನನ್ನ ಅಕ್ಷರ ಓಡಿದ್ದು ಅದರಲ್ಲಿ ಕಾಣುತ್ತದೆ.

ನಿಮ್ಮ ಲ್ಯಾಪ್‌ಟಾಪಿನ ಚಾರ್ಜರನ್ನೂ ಇವತ್ತೊಮ್ಮೆ ತೆಗೆದು ನೋಡಿ.