ಪದವಿ ಪತ್ರದ ಮೇಲಿನ ಸಹಿ

ಸೊಲ್ಲಾಪುರ–ವಿಜಯಪುರ ಹೆದ್ದಾರಿಯ ಮೇಲಿರುವ ಹೊರ್ತಿಯಲ್ಲಿ ಮೂರು ತಲೆಮಾರು ಕಾಲೇಜು ಕಂಡ ಮನೆಯೊಂದಿದ್ದರೆ, ಅಲ್ಲಿನ ಪದವಿ ಪತ್ರಗಳ ಮೇಲೆ ಮೂರು ಊರಿನ ಕುಲಪತಿಗಳ ಸಹಿ ಸಿಕ್ಕೀತು. ಅಜ್ಜನದು ಮುಂಬೈ, ಅಪ್ಪನದು ಧಾರವಾಡ, ಮಗನದು ಬೆಳಗಾವಿ. ಮಗಳು ಮಹಿಳಾ ಕಾಲೇಜಿನಲ್ಲಿ ಓದಿದ್ದರೆ ನಾಲ್ಕನೆಯ ಸಹಿ, ವಿಜಯಪುರದ ಮಗ್ಗುಲಿನ ತೊರವಿಯ ಮಹಿಳಾ ವಿಶ್ವವಿದ್ಯಾಲಯದಿಂದ ಬಂದದ್ದು. ಈ ನಾಲ್ಕು ಕುರ್ಚಿಗಳಿಗೆ ಜನರನ್ನು ಆರಿಸುವಾಗ ಇಂಡಿ, ಸಿಂದಗಿ ಕಡೆಯ ವಿದ್ಯಾರ್ಥಿಗೆ ಮತವೂ ಇರಲಿಲ್ಲ, ಮಾತೂ ಇರಲಿಲ್ಲ.

ಇದು ಲೋಕದ ನಿಯಮವೇನಲ್ಲ. ಮಧ್ಯಯುಗದ ಇಟಲಿಯ ಬೊಲೊನ್ಯಾದಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥನಾದ ರೆಕ್ಟರನನ್ನು ಆರಿಸುತ್ತಿದ್ದವರು ವಿದ್ಯಾರ್ಥಿಗಳೇ. ಪ್ರಾಧ್ಯಾಪಕರು ಆತನಿಗೆ ವಿಧೇಯರಾಗಿರುವುದಾಗಿ ಪ್ರಮಾಣ ಮಾಡಬೇಕಿತ್ತು. ಸ್ಕಾಟ್ಲೆಂಡಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ರೆಕ್ಟರ್ ಚುನಾವಣೆ ಇಂದಿಗೂ ನಡೆಯುತ್ತದೆ. ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರದ ನಿರ್ಬಂಧದಲ್ಲಿದ್ದ ಆಲ್ಬರ್ಟ್ ಲುಥುಲಿಯವರನ್ನು ಗ್ಲಾಸ್ಗೋ ವಿದ್ಯಾರ್ಥಿಗಳು 1962ರಲ್ಲಿ ಆರಿಸಿದ್ದರು. ಅರ್ಜೆಂಟೀನಾದ ಕೊರ್ದೊಬಾದಲ್ಲಿ 1918ರಲ್ಲಿ ಬಂಡೆದ್ದ ವಿದ್ಯಾರ್ಥಿಗಳು ಆಡಳಿತದಲ್ಲೇ ಪಾಲು ಪಡೆದರು.

ನಮ್ಮ ಕಡೆಗೆ ಬಂದದ್ದು ಬೇರೆ ಮಾದರಿ. 1857ರ ಮುಂಬೈ ವಿಶ್ವವಿದ್ಯಾಲಯಕ್ಕೆ ಗವರ್ನರನೇ ಕುಲಾಧಿಪತಿ. 1904ರ ಕಾಯ್ದೆ ಸೆನೆಟ್ಟಿನ ಕೆಲವು ಸ್ಥಾನಗಳನ್ನು ಚುನಾವಣೆಗೆ ಬಿಟ್ಟಿತಾದರೂ ಅದರಲ್ಲಿ ಪದವೀಧರರಿಗೆ ಪಾಲಿತ್ತೇ ಹೊರತು ಓದುತ್ತಿರುವವರಿಗೆ ಇರಲಿಲ್ಲ. 1945ರಲ್ಲಿ ವಿಜಯಪುರದಲ್ಲಿ ವಿಜಯ ಕಾಲೇಜು ತೆರೆದಾಗಲೂ ಅದೇ ಪದ್ಧತಿ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು, ಮರುವರ್ಷ ಧಾರವಾಡಕ್ಕೆ ಬಂತು. ಗೋಕಾಕ ಸೀಮೆಯ ಮಮದಾಪುರದಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ರ‍್ಯಾಂಗ್ಲರ್ ಆಗಿ ಬಂದ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಯಾಗಿ ಅದನ್ನು ಕಟ್ಟಿ ಬೆಳೆಸಿದರು. ಅಂಥವರು ಆ ಕುರ್ಚಿಗೆ ಬಂದಾಗ ಯಾರಿಗೂ ಕೊರತೆ ಕಾಣಲಿಲ್ಲ. ಒಳ್ಳೆಯ ಆಯ್ಕೆ ಕೆಟ್ಟ ಪದ್ಧತಿಯನ್ನು ಎಷ್ಟು ದಿನ ಮುಚ್ಚಿಡಬಲ್ಲದು ಎಂಬ ಪ್ರಶ್ನೆ ಆಮೇಲಿನದು.

ಅತ್ತ ಮೈಸೂರು ವಿಶ್ವವಿದ್ಯಾಲಯದಲ್ಲಿ ಆಗ ಕುಲಾಧಿಪತಿ ಮಹಾರಾಜರು. 1921ರಲ್ಲಿ ಪ್ರಾಧ್ಯಾಪಕ ರಾಧಾಕೃಷ್ಣನ್ ಮಹಾರಾಜಾ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದೊಯ್ದ ಸಂಗತಿ ಮನೆಮಾತು. ಹತ್ತು ವರ್ಷದ ಬಳಿಕ ಅದೇ ರಾಧಾಕೃಷ್ಣನ್ ಆಂಧ್ರ ವಿಶ್ವವಿದ್ಯಾಲಯದ ಕುಲಪತಿಯಾದದ್ದು ಸೆನೆಟ್ಟಿನ ಚುನಾವಣೆಯಿಂದ. ಆದರೆ 1948–49ರಲ್ಲಿ ಅವರೇ ಅಧ್ಯಕ್ಷರಾಗಿದ್ದ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಕುಲಪತಿಯ ಚುನಾವಣೆಯನ್ನು ಮೆಚ್ಚಲಿಲ್ಲ. ಕಾರ್ಯಕಾರಿ ಮಂಡಳಿ ಶಿಫಾರಸು ಮಾಡಲಿ, ಕುಲಾಧಿಪತಿ ನೇಮಿಸಲಿ ಎಂದಿತು. ಮತಯಾಚನೆಯ ಗುಂಪುಗಾರಿಕೆ ಅವರಿಗೆ ಹೇಸಿಗೆ ತಂದಿದ್ದರೆ ಅದರಲ್ಲಿ ತಪ್ಪಿಲ್ಲ. ವಿದ್ಯಾರ್ಥಿಯ ಅಭಿಪ್ರಾಯ ಕೇಳುವುದು ಮಾತ್ರ ಮತಯಾಚನೆಯಲ್ಲ. ಆ ವ್ಯತ್ಯಾಸವನ್ನು ಮುಂದಿನ ಕಾಯ್ದೆಗಳೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕದ ಅರ್ಧ ತೆರೆದ ಗಳಿಗೆಯೊಂದಿತ್ತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಆಮೇಲೆ ಮುಂಬೈ ವಿಶ್ವವಿದ್ಯಾಲಯದ ಕುಲಪತಿಯೂ ಆದ ಪಿ.ಬಿ. ಗಜೇಂದ್ರಗಡ್ಕರ್ ಅವರ ಸಮಿತಿ 1971ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗಕ್ಕೆ (ಯುಜಿಸಿ) ವರದಿ ಕೊಟ್ಟಿತು. ವಿಶ್ವವಿದ್ಯಾಲಯದ ಆಡಳಿತದಲ್ಲಿ ವಿದ್ಯಾರ್ಥಿಗೂ ಜಾಗ ಬೇಕೆಂಬುದನ್ನು ಅದು ಒಪ್ಪಿತ್ತು. ಆ ಮಾತು ಬೇರೂರುವ ಮೊದಲೇ ಗಾಳಿ ತಿರುಗಿತು. ಹೊಡೆದಾಟ, ಪಕ್ಷಗಳ ಕೈವಾಡದ ಕಾರಣ ಹೇಳಿ 1989–90ರ ಹೊತ್ತಿಗೆ ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಯನ್ನೇ ನಿಲ್ಲಿಸಲಾಯಿತು.

ಆಗ ಉಳಿದದ್ದು ಬೀದಿ. ಆ ದಾರಿ ಹೊಸದೇನಲ್ಲ: ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ 1974–75ರಲ್ಲಿ ನಿರ್ದೇಶಕರಾಗಿದ್ದ ಗಿರೀಶ ಕಾರ್ನಾಡರಿಗೆ ವಿದ್ಯಾರ್ಥಿ ಮುಷ್ಕರದ ಬಿಸಿ ಚೆನ್ನಾಗಿ ಗೊತ್ತಿತ್ತು.  ಯು.ಆರ್. ಅನಂತಮೂರ್ತಿ ಒಂದು ಕಾಲಕ್ಕೆ ಕೂತಿದ್ದ ಅಲ್ಲಿನ ಅಧ್ಯಕ್ಷ ಕುರ್ಚಿಗೆ 2015ರಲ್ಲಿ ನಟ ಗಜೇಂದ್ರ ಚೌಹಾಣ್ ನೇಮಕವಾದಾಗ ವಿದ್ಯಾರ್ಥಿಗಳು 139 ದಿನ ಮುಷ್ಕರ ಹೂಡಿದರು. ನೇಮಕ ಕದಲಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಕೋಲ್ಕತ್ತದ ಜಾದವಪುರದ ವಿದ್ಯಾರ್ಥಿಗಳು ಗೆದ್ದರು. ಅವರ ತಿಂಗಳುಗಟ್ಟಲೆ ಹೋರಾಟಕ್ಕೆ ಮಣಿದು ಕುಲಪತಿ ರಾಜೀನಾಮೆ ಕೊಟ್ಟರು. ಹುಡುಗರು ಒಬ್ಬರನ್ನು ಇಳಿಸಬಲ್ಲರು, ಮುಂದಿನವರು ಯಾರೆಂದು ಹೇಳುವ ಜಾಗ ಮಾತ್ರ ಅವರಿಗಿಲ್ಲ. ಬಾಗಿಲು ಮುಚ್ಚಿದ ಮೇಲೆ ಗದ್ದಲವಾಯಿತೆಂದು ದೂರುವುದು ನ್ಯಾಯವಲ್ಲ.

ಈಗ ನಮ್ಮಲ್ಲಿ ಹೇಗಿದೆ? ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000ರ 14ನೇ ಪ್ರಕರಣದಂತೆ ಶೋಧನಾ ಸಮಿತಿಗೆ ನಾಲ್ವರು: ಕುಲಾಧಿಪತಿ, ಯುಜಿಸಿ, ರಾಜ್ಯ ಸರ್ಕಾರ, ಸಿಂಡಿಕೇಟು ತಲಾ ಒಬ್ಬರನ್ನು ಕಳಿಸುತ್ತವೆ. ಅವರು ಕೊಟ್ಟ ಹೆಸರುಗಳಲ್ಲಿ ಒಂದನ್ನು ಕುಲಾಧಿಪತಿಯಾದ ರಾಜ್ಯಪಾಲರು ಸರ್ಕಾರದ ಸಮ್ಮತಿಯೊಂದಿಗೆ ಆರಿಸುತ್ತಾರೆ. 2003ರಲ್ಲಿ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ ಸಯೀದಾ ಅಖ್ತರ್, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಬಿ.ಆರ್. ಅನಂತನ್ ಮೊದಲ ಕುಲಪತಿಗಳಾಗಿ ಬಂದರು. ಹೊಸ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯನ್ನು ಸರ್ಕಾರ ಗೊತ್ತುಮಾಡುವುದು ಸಹಜ. ನಂತರವೂ ವಿದ್ಯಾರ್ಥಿಗಳನ್ನು ಕೇಳದಿರುವುದಕ್ಕೆ ಕಾರಣವಿಲ್ಲ.

2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ಹೊರಡಿಸಿ ಶೋಧನಾ ಸಮಿತಿಯಲ್ಲಿ ರಾಜ್ಯ ಸರ್ಕಾರದ ಪಾಲನ್ನು ಕೈಬಿಟ್ಟಿತು. ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ಅದನ್ನು ವಿರೋಧಿಸಿದರು. ಜಗಳವೆಲ್ಲ ದೆಹಲಿ ಮತ್ತು ರಾಜ್ಯಗಳ ನಡುವೆ. ಅದೇ ವರ್ಷ ವಿದ್ಯಾರ್ಥಿ ಚುನಾವಣೆಗಳನ್ನು ಮರಳಿ ತರುವ ಚರ್ಚೆಯೂ ರಾಜ್ಯದಲ್ಲಿ ಎದ್ದಿತು. ಆ ಚರ್ಚೆ ಕಾಲೇಜಿನ ಸಂಘಕ್ಕೇ ನಿಲ್ಲಬೇಕಿಲ್ಲ. ಅಂತಿಮ ಪಟ್ಟಿಯ ಮೂವರೂ ತೊರವಿಗೆ ಬಂದು ವಿದ್ಯಾರ್ಥಿನಿಯರ ಮುಂದೆ ಒಂದೊಂದು ಗಂಟೆ ಮಾತಾಡಲಿ. ಹಾಸ್ಟೆಲ್ ನೀರು, ತಡವಾಗುವ ಫಲಿತಾಂಶ, ಇಂಡಿಯಿಂದ ದಿನವೂ ಓಡಾಡುವವರ ಬಸ್ಸಿನ ವೇಳೆಯ ಬಗ್ಗೆ ಬರುವ ಪ್ರಶ್ನೆಗಳಿಗೆ ಉತ್ತರ ಕೊಡಲಿ. ಕೇಳಿದವರ ಅಭಿಪ್ರಾಯ ಬರಹದಲ್ಲಿ ಶೋಧನಾ ಸಮಿತಿಯ ಕಡತಕ್ಕೆ ಸೇರಲಿ. 14ನೇ ಪ್ರಕರಣಕ್ಕೆ ಇಷ್ಟು ಸೇರಿಸಲು ಒಂದು ಉಪವಾಕ್ಯ ಸಾಕು.