ಮಲ್ಲನ ತಟ್ಟೆಯ ಮೆಣಸಿನಕಾಯಿ

ನನಗೆ ಇತಿಹಾಸ ಅಂದ್ರೆ ಎಸ್ಸೆಸ್ಸೆಲ್ಸಿಗೇ ಮುಗಿದುಹೋದ ವಿಷಯ. ಪಾಣಿಪತ್ ಕದನ ಎಷ್ಟನೇ ಇಸವಿ, ಅಶೋಕ ಸಾಲುಮರ ಯಾಕೆ ನೆಟ್ಟ ಅಂತ ಬಾಯಿಪಾಠ ಹೊಡೆದು, ಇಂಜಿನಿಯರಿಂಗ್ ಸೇರಿದ ಮೇಲೆ ನಿರಾಳವಾಗಿ ಮರೆತದ್ದು. ಆದರೆ ಕಥೆಗಾರ ಆಗಬೇಕು ಅನ್ನೋ ಹುಚ್ಚು ಹೋಗಿಲ್ಲ ನೋಡಿ... ಹಂಪಿಗೆ ಹೋಗಿಬಂದವನೇ ಒಂದು ಐತಿಹಾಸಿಕ ಕಥೆ ಬರೆದುಬಿಟ್ಟೆ. 1520ರ ರಾಯಚೂರು ಯುದ್ಧದಿಂದ ಮನೆಗೆ ಮರಳಿದ ಮಲ್ಲ ಅನ್ನೋ ಸೈನಿಕ. ಹೆಂಡತಿ ಬಿಸಿ ಮುದ್ದೆ, ಹಸಿಮೆಣಸಿನಕಾಯಿ ಚಟ್ನಿ ಬಡಿಸ್ತಾಳೆ. ಮಲ್ಲ ಖಾರದ ನೆಪದಲ್ಲಿ ಕಣ್ಣೀರು ಹಾಕ್ತಾ ಸತ್ತ ಗೆಳೆಯನನ್ನ ನೆನೆಸಿಕೊಳ್ತಾನೆ. (ಎಂಥಾ ಸೀನು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ!)

ರೂಮ್‌ಮೇಟ್ ಓದಿ ಕೇಳಿದ್ದು ಒಂದೇ ಪ್ರಶ್ನೆ: "ಮಗಾ, ಮಲ್ಲನಿಗೆ ಮೆಣಸಿನಕಾಯಿ ಕೊಟ್ಟೋರು ಯಾರೋ?"

ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ನಮ್ಮಲ್ಲಿಗೆ ತಂದವರು ಪೋರ್ಚುಗೀಸರು. ಅವರು ಗೋವೆ ಹಿಡಿದದ್ದೇ 1510ರಲ್ಲಿ. ಹತ್ತು ವರ್ಷದಲ್ಲಿ ಅದು ಮಲ್ಲನ ಹಿತ್ತಲಿಗೆ ಬಂದು, ಚಟ್ನಿಯಾಗಿ, ತಟ್ಟೆಗೆ ಬೀಳೋದು ಕಷ್ಟ. ಅದಕ್ಕೂ ಮೊದಲು ನಮಗೆ ಖಾರ ಅಂದ್ರೆ ಮೆಣಸು. ಹೊಸ ಕಾಯಿ ಬಂದಾಗ ಅದಕ್ಕೆ ಮೆಣಸಿನ ಹೆಸರನ್ನೇ ಅಂಟಿಸಿದ್ದೇವೆ, ಪಾಪ ಹಳೇದು ತನ್ನ ಹೆಸರಿನ ಹಿಂದೆ ಕಾಳು, ಕರಿ, ಒಳ್ಳೆ ಅಂತೆಲ್ಲ ಸೇರಿಸಿಕೊಂಡು ಓಡಾಡಬೇಕಾಯ್ತು.

ಇದು ಸಣ್ಣ ತಪ್ಪು, ತಿದ್ದಿದರೆ ಮುಗೀತು ಅಂದುಕೊಂಡೆ. ಚಟ್ನಿ ತೆಗೆದು ಮೆಣಸಿನ ಸಾರು ಹಾಕಿದರಾಯ್ತು. ಆದರೆ ಒಂದು ಬಗ್ ಹುಡುಕೋಕೆ ಹೋದರೆ ಇಡೀ ಪ್ರೋಗ್ರಾಮೇ ತಪ್ಪು ಅಂತ ಗೊತ್ತಾಗುತ್ತಲ್ಲ, ಹಾಗಾಯ್ತು. ಯಾಕಂದ್ರೆ ಅಷ್ಟರಲ್ಲಿ ನನ್ನ ಕೈಗೆ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಪುಸ್ತಕ ಸಿಕ್ಕಿತ್ತು. ಅದರಲ್ಲಿ ಡೊಮಿಂಗೋ ಪಾಯಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ಬರೆದದ್ದಿದೆ. (ಹೆಸರು ಕೇಳಿ ಹಸಿವಾದ್ರೆ ನಾನು ಹೊಣೆಯಲ್ಲ.) ಆತ ಸುಮಾರು 1520ರ ಹೊತ್ತಿಗೆ ವಿಜಯನಗರದಲ್ಲೇ ಇದ್ದವನು.

ಕೃಷ್ಣದೇವರಾಯ ಅಂದ್ರೆ ನನ್ನ ಕಣ್ಣಿಗೆ ಬರ್ತಿದ್ದದ್ದು 1970ರ ಸಿನಿಮಾದ ಅಣ್ಣಾವ್ರ ಮುಖ. ಪಾಯಸ್ ಕಂಡ ರಾಯನಿಗೆ ಮಧ್ಯಮ ಎತ್ತರ, ಸ್ವಲ್ಪ ದಪ್ಪ ಮೈ, ಮುಖದ ಮೇಲೆ ಸಿಡುಬಿನ ಕಲೆ. ಬೆಳಕು ಹರಿಯೋ ಮೊದಲೇ ಎದ್ದು ಎಳ್ಳೆಣ್ಣೆ ಕುಡೀತಾನೆ, ಅರ್ಧ ಲೀಟರಿಗೆ ಸ್ವಲ್ಪ ಕಮ್ಮಿ! ಮೈಗೂ ಎಣ್ಣೆ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ ಆ ಎಣ್ಣೆಯೆಲ್ಲ ಬೆವರಾಗಿ ಇಳಿಯೋವರೆಗೂ ಕಸರತ್ತು ಮಾಡಿ, ಆಮೇಲೆ ಜಟ್ಟಿಯ ಜೊತೆ ಕುಸ್ತಿ. ಈ ಬೆವರಿನ ವಾಸನೆ ನಾನು ಎಷ್ಟು ತಲೆ ಕೆರೆದುಕೊಂಡರೂ ಕಲ್ಪಿಸ್ತಿರಲಿಲ್ಲ.

ಅದೇ ಪಾಯಸ್ ರಾಯನ ಸೇನೆಯ ಸಾಲಿನಲ್ಲಿ ಬಿಲ್ಲು ಹಿಡಿದ ಮುಸ್ಲಿಂ ಸೈನಿಕರನ್ನೂ ಕಂಡಿದ್ದಾನೆ. ನನ್ನ ಮಲ್ಲ ಹೊಡೆದಿದ್ದ ಎರಡು ಪುಟದ ಧರ್ಮಯುದ್ಧದ ಡೈಲಾಗ್ ಅಲ್ಲಿಗೆ ಬಿದ್ದುಹೋಯ್ತು. ಪಕ್ಕದಲ್ಲಿ ನಿಂತವನ ಮುಂದೆ ಆ ಮಾತು ಹೇಗೆ ಆಡ್ತಾನೆ? ಆ ಮಾತು ಮಲ್ಲನದಾಗಿರಲೇ ಇಲ್ಲ, ಟೀವಿ ನೋಡಿ ಬೆಳೆದ ನನ್ನದು. ಹೆಸರು, ಪೇಟ ಮಾತ್ರ ಅವನವು.

ಆದರೆ ನನ್ನನ್ನ ನಿದ್ದೆ ಮಾಡೋಕೆ ಬಿಡದೇ ಇದ್ದದ್ದು ಕೆರೆಯ ವಿಷಯ. ರಾಯ ದೊಡ್ಡ ಕೆರೆ ಕಟ್ಟಿಸ್ತಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮುತ್ತಿಕೊಂಡು, ನೆಲವೇ ಕಾಣದಂತೆ ಕೆಲಸ ಮಾಡ್ತಿದ್ದರು ಅಂತಾನೆ ಪಾಯಸ್. ಕಟ್ಟೆ ಎರಡು ಮೂರು ಸಲ ಒಡೀತು. ಬಲಿ ಬೇಕು ಅಂದರು. ಮರಣದಂಡನೆಗೆ ತಕ್ಕವರು ಅಂತ ಸೆರೆಯಲ್ಲಿದ್ದವರನ್ನ ತರಿಸಿ ಅಲ್ಲೇ ತಲೆ ಕಡಿಸಿದರು. ಕೆಲಸ ಮುಂದುವರೀತು.

ಓದಿದ ತಕ್ಷಣ 'ಕೆರೆಗೆ ಹಾರ'ದ ಭಾಗೀರಥಿ ನೆನಪಾದಳು. ಅವಳಿಗಾದರೂ ಹಾಡು ಸಿಕ್ತು, ಹೆಸರು ಉಳೀತು. ಈ ಸೆರೆಯಾಳುಗಳಿಗೆ ಹೆಸರೂ ಇಲ್ಲ. ಏನು ಕದ್ದಿದ್ರು, ಯಾರನ್ನ ಕೊಂದಿದ್ರು? ಮಾರನೇ ದಿನ ಅದೇ ಮಣ್ಣಿನ ಮೇಲೆ ಮಣ್ಣು ಸುರಿದವನು ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದ? ಪಾಯಸ್ ಬರೆದಿಲ್ಲ. ನಾನು ಬರೆಯಬೇಕಾದದ್ದು ಅದೇ ಅನ್ನಿಸ್ತು.

ಹಳೇ ಕಥೆಯ ಫೈಲ್ ಡಿಲೀಟ್ ಮಾಡಿದೆ. ಮಲ್ಲ ಈಗ ಸೈನಿಕ ಅಲ್ಲ, ಮಂಕರಿಯಲ್ಲಿ ಮಣ್ಣು ಹೊರೋನು. ಅವನ ತಮ್ಮ ಸೆರೆಯಲ್ಲಿದ್ದಾನೆ. ಕಟ್ಟೆ ಎರಡನೇ ಸಲ ಒಡೆದಿದೆ. ಸದ್ಯಕ್ಕೆ ಕಥೆ ಅಲ್ಲಿಗೆ ಬಂದು ನಿಂತಿದೆ, ಮುಂದಿನ ಸಾಲು ಬರೆಯೋಕೆ ಮೂರು ವಾರದಿಂದ ಕೈ ಬರ್ತಿಲ್ಲ...